480 ರೂಪಾಯಿಯ ವಾಕಿಂಗ್ ಸ್ಟಿಕ್: ಎರಡೂವರೆ ವರ್ಷ ಬಳಸಿದ ಮೇಲೆ

ಕೊಂಡದ್ದು 2023ರ ಆಗಸ್ಟ್‌ನಲ್ಲಿ, ಮೈಸೂರಿನ ಒಂದು ಸರ್ಜಿಕಲ್ ಅಂಗಡಿಯಲ್ಲಿ. ಅಲ್ಯೂಮಿನಿಯಂ ಕೊಳವೆ, ಮೇಲೆ ಪ್ಲಾಸ್ಟಿಕ್ ಹಿಡಿ, ಬುಡಕ್ಕೆ ರಬ್ಬರ್. ಗುಂಡಿ ಒತ್ತಿ ಉದ್ದ ಹೆಚ್ಚು ಕಡಿಮೆ ಮಾಡಬಹುದು. ಇಷ್ಟೇ ವಸ್ತು.

ನನಗೆ ಈಗ 63. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ನಿಂತೇ ಪಾಠ ಮಾಡಿದವಳು. ಬಲ ಮಂಡಿ ಸವೆದಿದೆ. ಎಕ್ಸ್‌ರೇಯಲ್ಲಿ ಒಳಬದಿಯ ಸಂದು ಒಂದು ಎಳೆಯಷ್ಟೇ ಕಾಣುತ್ತಿತ್ತು. ಡಾಕ್ಟರು ‘ಗ್ರೇಡ್ 3’ ಎಂದರು. ನಾಲ್ಕು ಬಂದರೆ ಮುಗೀತು, ಅದರ ಮೇಲೆ ಗ್ರೇಡೇ ಇಲ್ಲ. ಆಪರೇಷನ್ ಈಗಲೇ ಬೇಡ, ತೂಕ ಇಳಿಸಿ, ತೊಡೆ ಗಟ್ಟಿ ಮಾಡಿಕೊಳ್ಳಿ, ಕೋಲು ಹಿಡಿಯಿರಿ ಎಂದರು. ಮೊದಲೆರಡಕ್ಕೆ ತಲೆಯಾಡಿಸಿದೆ. ಮೂರನೆಯದು ಕೇಳಿಸಲೇ ಇಲ್ಲ ಅನ್ನುವ ಹಾಗೆ ಎದ್ದು ಬಂದೆ.

ಆಮೇಲಿನ ಎಂಟು ತಿಂಗಳು ಕೋಲೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಂಡೆ. ಗ್ಲುಕೋಸಮೈನ್ ಮಾತ್ರೆಗೆ ತಿಂಗಳಿಗೆ ಸಾವಿರದ ಹತ್ತಿರ. ನೀ ಕ್ಯಾಪ್ ಎರಡು, ಒಂದು ಬಿಗಿ, ಇನ್ನೊಂದು ನಾಲ್ಕು ಹೆಜ್ಜೆಗೆ ಕಣಕಾಲಿಗೆ ಇಳಿಯುತ್ತಿತ್ತು. ನೋವಿನ ಮಾತ್ರೆ ದಿನಾ ನುಂಗಿ ಬಿಪಿ ಏರಿತು, ಬೈಸಿಕೊಂಡೂ ಆಯಿತು. ಅಮೆರಿಕದ ಕೀಲುರೋಗ ವೈದ್ಯರ ಸಂಘ ‘ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ’ಯ 2019ರ ಮಾರ್ಗಸೂಚಿಯನ್ನು ಮಗ ಒಂದು ದಿನ ಓದಿ ಹೇಳಿದ. ಮಂಡಿ ಸವೆತಕ್ಕೆ ಗ್ಲುಕೋಸಮೈನ್ ಬೇಡ ಅಂತ ಅದರಲ್ಲಿ ಒತ್ತಿ ಹೇಳಿದ್ದಾರೆ. ನಡೆಯೋದು ಕಷ್ಟವಾದರೆ ಕೋಲು ಹಿಡಿಯಿರಿ ಅಂತಲೂ ಅಷ್ಟೇ ಒತ್ತಿ ಹೇಳಿದ್ದಾರೆ. ನಾನು ಸರಿಯಾಗಿ ಉಲ್ಟಾ ಮಾಡಿದ್ದೆ.

ಆದರೂ ಮನಸ್ಸು ಬದಲಾಗಿದ್ದು ಮಾರ್ಗಸೂಚಿಯಿಂದಲ್ಲ, ಬಸ್ಸಿನಿಂದ. ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ನಮ್ಮ ಬೀದಿಯ ಹೆಂಗಸರೆಲ್ಲ ಧರ್ಮಸ್ಥಳ, ಹೊರನಾಡು ಅಂತ ಹೊರಟರು. ನಾನೂ ಚೀಲ ಹಿಡಿದು ಹೋದೆ. ಬಸ್ಸಿನ ಮೊದಲ ಮೆಟ್ಟಿಲು ಇದೆಯಲ್ಲ, ಅದರ ಎದುರು ನಿಂತು ಕಾಲು ಎತ್ತಲಾಗದೆ ಹಿಂದಿನವರಿಗೆ ದಾರಿ ಬಿಟ್ಟೆ. ಟಿಕೆಟ್ ಫ್ರೀ, ಹತ್ತೋಕೆ ಮಂಡಿ ಇಲ್ಲ. ಮನೆಗೆ ಬಂದು ಇವರಿಗೆ ಹೇಳಿದೆ, “ಆ ಕೋಲು ತಂದುಬಿಡೋಣ ರೀ.”

ಅಂಗಡಿಯವನು ಕಣ್ಣಳತೆಯಲ್ಲೇ ಉದ್ದ ಹೊಂದಿಸಿ ಕೊಟ್ಟ. ಎರಡು ವಾರದಲ್ಲಿ ಭುಜ ಹಿಡಿದುಕೊಂಡಿತು. ಮಂಡಿ ನೋವಿನ ಜೊತೆಗೆ ಇದು ಬೇರೆ! ಫಿಸಿಯೋಥೆರಪಿ ಹುಡುಗಿ ನೋಡಿದ ತಕ್ಷಣ ನಕ್ಕಳು. “ಅಮ್ಮಾ, ನೋವಿರೋದು ಬಲಗಾಲು, ಕೋಲು ಯಾಕೆ ಬಲಗೈಯಲ್ಲಿ? ಎಡಗೈಗೆ ತಗೊಳ್ಳಿ.” ನೋಯುವ ಕಾಲಿನ ಪಕ್ಕದಲ್ಲೇ ಕೋಲು ಇರಬೇಕು ಅಂತ ಎಲ್ಲರಿಗೂ ಅನಿಸುತ್ತೆ, ಅಲ್ವಾ? ಆದರೆ ಬಲಗಾಲು ಮುಂದಿಟ್ಟಾಗ ಎಡಗೈ ತಾನಾಗಿ ಮುಂದೆ ಬರುತ್ತೆ. ಕೋಲು ಆ ಕೈಯಲ್ಲಿದ್ದರೆ ಮಂಡಿಗೆ ಬೀಳುವ ಭಾರದಲ್ಲಿ ಒಂದು ಪಾಲು ಅದರ ಮೇಲೆ ಹೋಗುತ್ತೆ. ಅಳತೆಯೂ ಸುಲಭ: ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನಿಂತರೆ ಹಿಡಿಯ ಮೇಲ್ಭಾಗ ಮಣಿಕಟ್ಟಿನ ಗೆರೆಗೆ ಬರಬೇಕು. ನನ್ನದು ಎರಡು ತೂತು ಎತ್ತರವಾಗಿತ್ತು.

ಇನ್ನೊಂದು ಯಾರೂ ಹೇಳಲಿಲ್ಲ, ನಾನೇ ಕಂಡುಕೊಂಡೆ. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟ ಮೇಲೆ ಕೋಲು ಒಂದು ತೂತು ಉದ್ದವಾಗುತ್ತೆ. ಹೊರಗೆ ಚಪ್ಪಲಿ ಸ್ಟ್ಯಾಂಡ್ ಹತ್ತಿರವೇ ಗುಂಡಿ ಒತ್ತಿ ಇಳಿಸಿಕೊಂಡು ಒಳಗೆ ಹೋಗುತ್ತೇನೆ.

ಮೆಟ್ಟಿಲಿಗೆ ಆ ಹುಡುಗಿ ಹೇಳಿಕೊಟ್ಟ ಪಾಠ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಬಸ್ಸು ಹತ್ತುವಾಗ ಬಲಗೈಯಲ್ಲಿ ಕಂಬಿ, ಎಡಗೈಯಲ್ಲಿ ಕೋಲು. ಮೊದಲ ಸಲ ಸೀಟಿನಲ್ಲಿ ಕೂತಾಗ ಕಣ್ಣಲ್ಲಿ ನೀರು ಬಂತು. ಹೋಗಿದ್ದು ನಂಜನಗೂಡಿಗೆ ಅಷ್ಟೇ.

ಈಗ ಕೋಲಿನ ದೋಷ. ದೊಡ್ಡದು ಬುಡದ ರಬ್ಬರ್. ಎಂಟು-ಹತ್ತು ತಿಂಗಳಿಗೆ ಸವೆಯುತ್ತೆ, ಅದೂ ಒಂದೇ ಕಡೆ, ಚಪ್ಪಲಿಯ ಹಿಮ್ಮಡಿ ಸವೆಯುವ ಹಾಗೆ. ನಾನು ಗಮನಿಸಿರಲಿಲ್ಲ. ಒಂದು ಮದುವೆ ಛತ್ರದಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೋದೆ. ನೆಲವೆಲ್ಲ ನೀರು. ಕೋಲು ಸರ್ರನೆ ಮುಂದೆ ಜಾರಿತು. ಎಂಜಲು ಕೈಯಲ್ಲೇ ನಲ್ಲಿ ಹಿಡಿದುಕೊಂಡು ಉಳಿದೆ. ಆಮೇಲೆ ತಿರುಗಿಸಿ ನೋಡಿದರೆ ರಬ್ಬರಿನ ಸುತ್ತುಗೆರೆಗಳೆಲ್ಲ ಹೋಗಿ ಅದು ಹಳೇ ನಾಣ್ಯದ ಹಾಗೆ ನುಣ್ಣಗಾಗಿತ್ತು. ಹೊಸದಕ್ಕೆ 50 ರೂಪಾಯಿ. ಈಗ ಮೂರನೆಯದು ಹಾಕಿಸಿದ್ದೇನೆ. ಪ್ರತಿ ತಿಂಗಳು ಗ್ಯಾಸ್ ಬುಕ್ ಮಾಡುವ ದಿನ ಬುಡ ತಿರುಗಿಸಿ ನೋಡುತ್ತೇನೆ.

ಹಿಡಿಯೂ ಸರಿಯಿಲ್ಲ. ಗಟ್ಟಿ ಪ್ಲಾಸ್ಟಿಕ್, ಬೆವರಿಗೆ ಜಾರುತ್ತೆ. ಹಳೇ ಕಾಟನ್ ಸೀರೆಯ ಪಟ್ಟಿ ಸುತ್ತಿದ್ದೇನೆ. ಗುಂಡಿಯ ಜಾಗದಲ್ಲಿ ಟಕ್ ಟಕ್ ಸದ್ದು. ರಾತ್ರಿ ಬಾತ್‌ರೂಮಿಗೆ ಎದ್ದರೆ ಇವರಿಗೆ ಎಚ್ಚರವಾಗುತ್ತೆ. ಮಡಚುವ ಕೋಲೂ ಒಂದು ತರಿಸಿದ್ದೆ. ಕೀಲುಗಳಲ್ಲಿ ಅಲ್ಲಾಡುತ್ತಿತ್ತು. ಸವೆದ ಕೀಲಿಗೆ ಅಲ್ಲಾಡುವ ಕೀಲು ಜೋಡಿ! ಅಟ್ಟಕ್ಕೆ ಹೋಯಿತು.

ಕೋಲೊಂದೇ ಮಂಡಿ ಉಳಿಸಿತು ಅಂದರೆ ಸುಳ್ಳಾಗುತ್ತೆ. ಕಾಲು ಚಾಚಿ ಕೂತು, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಐದು ಎಣಿಸುವುದು. ಕಾಲು ನೇರವಾಗಿ ಎತ್ತಿ ಹಿಡಿಯುವುದು. ಸೀರಿಯಲ್‌ನಲ್ಲಿ ಜಾಹೀರಾತು ಬಂದಾಗ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಇದನ್ನು ಬಿಟ್ಟ ವಾರ ಕೋಲಿದ್ದರೂ ನೋವು ಜಾಸ್ತಿ. ತೂಕ 76ರಿಂದ 70ಕ್ಕೆ ಬಂದಿದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತಂತೆ. ಆ ಲೆಕ್ಕ ಕೇಳಿದ ಮೇಲೆ ಸಂಜೆಯ ಬೋಂಡ ತಾನಾಗೇ ನಿಂತಿತು. ಮಾತ್ರೆ ಈಗ ಅಪರೂಪ. ನೋವು ಕೆರಳಿದಾಗ ಡೈಕ್ಲೋಫಿನಾಕ್ ಜೆಲ್ ಹಚ್ಚುತ್ತೇನೆ. ನೆಲದ ಮೇಲೆ ಕೂತು ಊಟ ಬಿಟ್ಟೆ. ರಂಗೋಲಿ ಬಿಡಲಾಗಲಿಲ್ಲ, ಮೋಟು ಸ್ಟೂಲಿನ ಮೇಲೆ ಕೂತು ಚಿಕ್ಕದು ಹಾಕುತ್ತೇನೆ.

ಆಪರೇಷನ್ ಮಾಡಿಸಿಕೊಂಡವರನ್ನು ನಾನು ಆಡಿಕೊಳ್ಳುವುದಿಲ್ಲ. ನಮ್ಮ ಓರಗಿತ್ತಿ ಎರಡೂ ಮಂಡಿ ಮಾಡಿಸಿಕೊಂಡು ಚೆನ್ನಾಗಿ ಓಡಾಡುತ್ತಾಳೆ. ನನಗೆ ಆ ದಿನ ಇನ್ನೂ ಬಂದಿಲ್ಲ ಅಷ್ಟೇ.

“ಏನ್ ಟೀಚರ್, ಇಷ್ಟು ಬೇಗ ಕೋಲು ಹಿಡಿದ್ರಾ?” ಅಂತ ಈಗಲೂ ಕೇಳುವವರಿದ್ದಾರೆ. ಶಾಲೆಯಲ್ಲೂ ಹಿಡೀತಿದ್ನಲ್ಲ, ಆಗ ನೀವು ಹೆದರ್ತಿದ್ರಿ ಅನ್ನುತ್ತೇನೆ.

ಐದರಲ್ಲಿ ನಾಲ್ಕು ಸ್ಟಾರ್. ಜೊತೆಗೊಂದು ಬಿಡಿ ರಬ್ಬರ್ ಕೊಟ್ಟು, ಸವೆದಾಗ ಬದಲಾಯಿಸಿ ಅಂತ ಒಂದು ಮಾತು ಹೇಳಿದ್ದರೆ ಐದೂ ಕೊಡುತ್ತಿದ್ದೆ.