ಪೆನ್ಸಿಲ್ ಸೆಲ್: ಪಾತ್ರೆಯೂ ಅದೇ, ಉರುವಲೂ ಅದೇ

ಕಿರಾಣಿ ಅಂಗಡಿಯಲ್ಲಿ ಪೆನ್ಸಿಲ್ ಸೆಲ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಅಗ್ಗದ ಸತು-ಇಂಗಾಲದ ಒಣಸೆಲ್. ಹೋದ ವರ್ಷ ಅಂಥ ಐದು ಸೆಲ್‌ಗಳನ್ನು ತಂದು, ಒಂದನ್ನು ಗೋಡೆ ಗಡಿಯಾರಕ್ಕೂ ಎರಡನ್ನು ಟಾರ್ಚಿಗೂ (ನಮ್ಮ ಊರಿನಲ್ಲಿ ಟಾರ್ಚೇ ‘ಬ್ಯಾಟರಿ’, ಒಳಗೆ ಹಾಕುವುದು ‘ಶೆಲ್ಲು’) ಉಳಿದೆರಡನ್ನು ಸಣ್ಣ ರೇಡಿಯೊಕ್ಕೂ ಹಾಕಿದ್ದೆ. ಮೂರು ಕಡೆಯೂ ಅವು ಬೇರೆ ಬೇರೆ ರೀತಿಯಲ್ಲಿ ನಡೆದುಕೊಂಡವು.

ಗಡಿಯಾರ ಇನ್ನೂ ಓಡುತ್ತಿದೆ. ಅದು ಎಳೆಯುವ ವಿದ್ಯುತ್ತು ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆಯಾದ್ದರಿಂದ ದುಬಾರಿ ಸೆಲ್ಲಿನ ಅಗತ್ಯವೇ ಅಲ್ಲಿಲ್ಲ.

ಟಾರ್ಚಿನ ಕಥೆ ಬೇರೆ. ಮೊದಲು ಚೆನ್ನಾಗಿಯೇ ಇದ್ದ ಬೆಳಕು, ಸ್ವಲ್ಪ ಹೊತ್ತು ಎಡೆಬಿಡದೆ ಉರಿಸಿದರೆ ಮಂಕಾಗುತ್ತಿತ್ತು. ಆರಿಸಿಟ್ಟು ಮರುದಿನ ಹಚ್ಚಿದರೆ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಇದಕ್ಕೆ ಕಾರಣ ಸೆಲ್ಲಿನ ರಚನೆಯಲ್ಲೇ ಇದೆ. ಸತುವಿನ ಡಬ್ಬಿಯೇ ಅದರ ಋಣಧ್ರುವ. ನಡುವಿನ ಇಂಗಾಲದ ಕಡ್ಡಿ ವಿದ್ಯುತ್ತನ್ನು ಒಯ್ಯುತ್ತದೆಯೇ ಹೊರತು ತಾನು ಸವೆಯುವುದಿಲ್ಲ. ಕಡ್ಡಿಯ ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಇಂಗಾಲದ ಕಪ್ಪು ಮಿಶ್ರಣ, ಅದಕ್ಕೂ ಡಬ್ಬಿಗೂ ನಡುವೆ ಅಮೋನಿಯಂ ಕ್ಲೋರೈಡ್ ಅಥವಾ ಜಿಂಕ್ ಕ್ಲೋರೈಡಿನ ಲೇಪ. ಹೆಸರಷ್ಟೇ ಒಣಸೆಲ್, ಒಳಗೆಲ್ಲ ತೇವವೇ. ಹೊಸತರಲ್ಲಿ ಸುಮಾರು 1.5 ವೋಲ್ಟ್ ಕೊಡುವ ಈ ಸೆಲ್ಲಿನಿಂದ ಒಮ್ಮೆಗೇ ಹೆಚ್ಚು ವಿದ್ಯುತ್ತು ಎಳೆದರೆ, ಕ್ರಿಯೆಯಿಂದ ಹುಟ್ಟಿದ ವಸ್ತುಗಳು ಚದುರಿಹೋಗಲು ಸಮಯ ಸಾಲದೆ ಒಳರೋಧ ಏರಿ ವೋಲ್ಟೇಜ್ ಕುಸಿಯುತ್ತದೆ. ನಮ್ಮ ಅಜ್ಜ ಸೆಲ್‌ಗಳನ್ನು ಬಿಸಿಲಿಗಿಟ್ಟು ಬದುಕಿಸುತ್ತಿದ್ದುದೂ ಇದೇ ಲೆಕ್ಕದಲ್ಲಿ: ಶಾಖಕ್ಕೆ ಒಳಗಿನ ಚಲನೆ ತುಸು ಚುರುಕಾಗುತ್ತದೆ, ಆದರೆ ತೀರಿದ ಸತು ಹಿಂದಿರುಗುವುದಿಲ್ಲ.

ನನಗೆ ನಿಜವಾಗಿ ಬೇಸರವಾದದ್ದು ರೇಡಿಯೊ ವಿಷಯದಲ್ಲಿ. ಸೆಲ್ ಮುಗಿದ ಮೇಲೂ ತೆಗೆಯದೆ ಮಳೆಗಾಲವಿಡೀ ಬಿಟ್ಟಿದ್ದೆ. ತೆರೆದು ನೋಡಿದರೆ ಸ್ಪ್ರಿಂಗಿಗೆ ತುಕ್ಕು, ಸುತ್ತಲೂ ಅಂಟು. ಪಾತ್ರೆಯಾಗಿರುವ ಸತುವೇ ಉರುವಲೂ ಆಗಿರುವುದರಿಂದ ಡಬ್ಬಿ ತೆಳುವಾಗುತ್ತಾ ತೂತುಬಿದ್ದು ಲೇಪ ಹೊರಬರುತ್ತದೆ. ತಪ್ಪು ನನ್ನದೂ ಹೌದು, ಆದರೆ ಎಚ್ಚರಿಕೆಯನ್ನು ಹೊದಿಕೆಯ ಮೇಲೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದವರದೂ ಹೌದು.

ಟಾರ್ಚಿಗೆ ಈಗ ಆಲ್ಕಲೈನ್ ಸೆಲ್ ಹಾಕಿದ್ದೇನೆ. ಅದರಲ್ಲಿ ಸತು ಪುಡಿಯಾಗಿ ಒಳಗಿರುತ್ತದೆ, ಡಬ್ಬಿ ಉಕ್ಕಿನದು. ಅದೂ ಸೋರುವುದುಂಟು, ಬೆಲೆಯೂ ಹೆಚ್ಚು. ಆದರೆ ಬೆಳಕು ಬೇಗ ಮಂಕಾಗುವುದಿಲ್ಲ. ಎರಡೂ ನೋಡಲು ಒಂದೇ ಗಾತ್ರದವಾದ್ದರಿಂದ ಕೊಳ್ಳುವಾಗ ಹೊದಿಕೆಯ ಮೇಲಿನ ಗುರುತನ್ನು ಓದಬೇಕು: ಆರ್6 ಎಂದಿದ್ದರೆ ಸತು-ಇಂಗಾಲ, ಎಲ್‌ಆರ್6 ಎಂದಿದ್ದರೆ ಆಲ್ಕಲೈನ್. ಗಡಿಯಾರಕ್ಕೆ ಮುಂದಿನ ಸಲವೂ ನಾನು ಆರ್6 ಅನ್ನೇ ತರುತ್ತೇನೆ.