ಬಿಲ್‌ಬೋರ್ಡ್ ವಾರದ ಪಟ್ಟಿ: ಸ್ಥಾನ ಇದೆ, ಆವಕ ಇಲ್ಲ

ಶಿರಸಿಯ ಅಡಿಕೆ ಧಾರಣೆ ದಿನಾ ನೋಡುವವರಿಗೆ, ಅಮೆರಿಕದಲ್ಲಿ ಹೆಚ್ಚು ಓಡುವ ಹಾಡುಗಳನ್ನು ವಾರವಾರ ಸಾಲಾಗಿಡುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದು ಕೊರತೆ ತಕ್ಷಣ ಕಾಣುತ್ತದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಯಾವ ಬಗೆಯ ಅಡಿಕೆಯೇ ಇರಲಿ, ಕನಿಷ್ಠ, ಗರಿಷ್ಠ, ಸರಾಸರಿ ಮೂರೂ ನಮಗೆ ಬೇಕು. ಆವಕ, ಅಂದರೆ ಆ ದಿನ ಪೇಟೆಗೆ ಬಂದ ಮಾಲು, ಎಷ್ಟು ಎಂದು ಕೇಳದೆ ಯಾರೂ ಮಾಲು ಬಿಡುವುದಿಲ್ಲ. ಬಿಲ್‌ಬೋರ್ಡಿನ ಮುಖ್ಯ ಹಾಡುಪಟ್ಟಿಯಾದ ಹಾಟ್ 100ರಲ್ಲಿ ಹಾಡಿನ ಮುಂದೆ ಇರುವುದು ನಾಲ್ಕೇ ಅಂಕಿ: ಈ ವಾರದ ಸ್ಥಾನ, ಹಿಂದಿನ ವಾರದ ಸ್ಥಾನ, ಈವರೆಗೆ ಏರಿದ ಎತ್ತರ, ಪಟ್ಟಿಯಲ್ಲಿದ್ದ ವಾರಗಳು. ಎಷ್ಟು ಜನ ಕೇಳಿದರು, ಎಷ್ಟು ಪ್ರತಿ ಮಾರಿತು ಎಂಬ ಲೆಕ್ಕ ಪಟ್ಟಿಯಲ್ಲಿಲ್ಲ. ಮೇಲಿನ ಹತ್ತು ಹಾಡುಗಳ ಸುದ್ದಿಯಲ್ಲಿ ಮಾತ್ರ ಅದು ಸಿಗುತ್ತದೆ.

ಹಾಗಾಗಿ 5ರಲ್ಲಿದ್ದ ಹಾಡು 9ಕ್ಕೆ ಇಳಿದರೆ ಕೇಳುವವರು ಕಡಿಮೆಯಾದರು ಎಂದು ತಿಳಿಯಬೇಕಿಲ್ಲ. ಮೇಲೆ ನಾಲ್ಕು ಹೊಸ ಹಾಡು ಬಂದು ಕೂತರೆ, ಹಿಂದಿನ ವಾರಕ್ಕಿಂತ ಹೆಚ್ಚು ಕೇಳಿಸಿಕೊಂಡದ್ದೂ ಕೆಳಗೆ ಸರಿಯುತ್ತದೆ. ಸ್ಥಾನ ಎಂದರೆ ಸಾಲಿನಲ್ಲಿ ನಿಂತ ಜಾಗ, ಅಷ್ಟೇ.

ಎಡವುವ ಇನ್ನೊಂದು ಜಾಗ ತಾರೀಖು. 2015ರ ಜುಲೈನಿಂದ ಹೊಸ ಹಾಡು, ಆಲ್ಬಮ್ ಜಗತ್ತಿನೆಲ್ಲೆಡೆ ಶುಕ್ರವಾರವೇ ಬಿಡುಗಡೆಯಾಗುತ್ತವೆ. ಎಣಿಕೆ ಶುಕ್ರವಾರದಿಂದ ಗುರುವಾರದವರೆಗೆ. ಪೂರ್ತಿ ಪಟ್ಟಿ ಹೊರಬರುವುದು ಮುಂದಿನ ಮಂಗಳವಾರ, ಆದರೆ ಅದರ ಮೇಲೆ ಇನ್ನೂ ಬಾರದ ಶನಿವಾರದ ತಾರೀಖು ಅಚ್ಚಾಗಿರುತ್ತದೆ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ 2025ರ ಅಕ್ಟೋಬರ್ 3ರಂದು ಬಿಟ್ಟ ಆಲ್ಬಮ್ಮಿನ ಮೊದಲ ವಾರದ ಲೆಕ್ಕ ಅಕ್ಟೋಬರ್ 18ರ ಪಟ್ಟಿಯಲ್ಲಿದೆ. 18ರ ಪಟ್ಟಿಯೆಂದರೆ 18ರ ಸ್ಥಿತಿ ಎಂದುಕೊಂಡವರು ಎರಡು ವಾರ ತಪ್ಪುತ್ತಾರೆ.

ಇದೇ ಆಲ್ಬಮ್ ಇಟ್ಟುಕೊಂಡು ಅಮೆರಿಕ ಮತ್ತು ಬ್ರಿಟನ್ನಿನ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಸಂಗತಿ ಸ್ಪಷ್ಟವಾಗುತ್ತದೆ. ಅದರಲ್ಲಿ 12 ಹಾಡು. ಅಮೆರಿಕದ ಹಾಟ್ 100ರಲ್ಲಿ ಆ ವಾರ 1ರಿಂದ 12ರವರೆಗಿನ ಜಾಗ ಪೂರ್ತಿ ಆ ಹಾಡುಗಳದ್ದೇ. ಬ್ರಿಟನ್ನಿನ ಅಧಿಕೃತ ಸಿಂಗಲ್ಸ್ (ಬಿಡಿ ಹಾಡುಗಳ) ಪಟ್ಟಿಯಲ್ಲಿ ಮುಖ್ಯ ಗಾಯಕರೊಬ್ಬರಿಗೆ ಒಂದು ವಾರಕ್ಕೆ ಮೂರೇ ಹಾಡು. 2017ರ ಮಾರ್ಚಿನಲ್ಲಿ ಅಲ್ಲಿನ ಗಾಯಕ ಎಡ್ ಶೀರನ್ ಒಂದೇ ಆಲ್ಬಮ್ಮಿನ 16 ಹಾಡುಗಳನ್ನು ಮೊದಲ 20ರೊಳಗೆ ತುಂಬಿದ ಮೇಲೆ ತಂದ ನಿಯಮ ಅದು. ಆಲ್ಬಮ್ ಒಂದೇ, ವಾರ ಒಂದೇ; ಅಲ್ಲಿ 12, ಇಲ್ಲಿ 3. ಕೇಳುಗರ ರುಚಿ ಬೇರೆಯಾಗಿ ಹೀಗಾದದ್ದಲ್ಲ, ಅಳೆಯುವ ಕೊಳಗ ಬೇರೆ.

ಆಲ್ಬಮ್ ಪಟ್ಟಿಯಾದ ಬಿಲ್‌ಬೋರ್ಡ್ 200ರ ಕೊಳಗವೂ ಆಗಾಗ ಬದಲಾಗುತ್ತದೆ. 2014ರ ಡಿಸೆಂಬರಿನವರೆಗೆ ಮಾರಾಟ ಮಾತ್ರ ಲೆಕ್ಕ. ಆಮೇಲೆ ಬಂದದ್ದು ಯೂನಿಟ್: ಒಂದು ಆಲ್ಬಮ್ ಮಾರಿದರೆ ಒಂದು, ಅದರ 10 ಬಿಡಿ ಹಾಡು ಮಾರಿದರೂ ಒಂದು, 1,500 ಸ್ಟ್ರೀಮ್ (ಆನ್‌ಲೈನಿನಲ್ಲಿ ಹಾಡು ಒಮ್ಮೆ ಕೇಳಿದರೆ ಒಂದು ಸ್ಟ್ರೀಮ್) ಆದರೂ ಒಂದು. 2018ರ ಜುಲೈನಲ್ಲಿ ದುಡ್ಡು ಕೊಟ್ಟು ಕೇಳಿದ್ದಕ್ಕೆ 1,250, ಜಾಹೀರಾತಿನ ನಡುವೆ ಪುಕ್ಕಟೆ ಕೇಳಿದ್ದಕ್ಕೆ 3,750 ಎಂದು ಒಡೆದರು. 2026ರ ಜನವರಿ 17ರ ಪಟ್ಟಿಯಿಂದ ಅದು 1,000 ಮತ್ತು 2,500. ಹೀಗಿರುವಾಗ 2019ರ ಆಲ್ಬಮ್ಮಿನ ಮೊದಲ ವಾರದ ಯೂನಿಟ್ಟನ್ನು 2026ರದ್ದರ ಜೊತೆ ಹೋಲಿಸುವುದು ಹಸಿ ಅಡಿಕೆಯ ತೂಕವನ್ನು ಒಣ ಅಡಿಕೆಯ ತೂಕದ ಜೊತೆ ಹೋಲಿಸಿದ ಹಾಗೆ. ಅಭಿಮಾನಿಗಳ ಜಗಳದಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ.

ಬಿಲ್‌ಬೋರ್ಡಿನ ದೊಡ್ಡ ದೋಷ ಮಾತ್ರ ಬೇರೆ: ಹಾಡು ಪಟ್ಟಿಯಿಂದ ಮಾಯವಾದಾಗ ಬಿದ್ದದ್ದೋ ತೆಗೆದದ್ದೋ ಪಟ್ಟಿಯ ಪುಟ ಹೇಳುವುದಿಲ್ಲ. ಹಾಟ್ 100ರಲ್ಲಿ ಇಳಿಯುತ್ತಿರುವ ಹಾಡು 20 ವಾರ ದಾಟಿ 50ಕ್ಕಿಂತ ಕೆಳಗೆ ಹೋದರೆ ಅದನ್ನು ತೆಗೆದುಹಾಕುತ್ತಾರೆ. 2025ರ ಅಕ್ಟೋಬರಿನಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು: 26 ವಾರ ದಾಟಿದ್ದು 25ಕ್ಕಿಂತ ಕೆಳಗೆ, 52 ವಾರ ದಾಟಿದ್ದು 10ಕ್ಕಿಂತ ಕೆಳಗೆ, 78 ವಾರ ದಾಟಿದ್ದು 5ಕ್ಕಿಂತ ಕೆಳಗೆ ಹೋದರೂ ಹೊರಗೆ. ಅಂದರೆ ವರ್ಷ ದಾಟಿದ ಹಾಡು ಒಂದು ವಾರ 9ರಲ್ಲಿದ್ದು ಮುಂದಿನ ವಾರ ಪಟ್ಟಿಯಲ್ಲೇ ಇರದಿರಬಹುದು. ಅದರ ಹಿಂದಿದ್ದವು ಏನೂ ಮಾಡದೆ ಒಂದು ಮೆಟ್ಟಿಲು ಏರುತ್ತವೆ, ಪುಟ ಅವಕ್ಕೆಲ್ಲ ಮೇಲ್ಮುಖದ ಬಾಣ ಹಾಕುತ್ತದೆ. ‘ನಿಯಮದಂತೆ ತೆಗೆದಿದೆ’ ಎಂದು ಪಟ್ಟಿಯ ಕೆಳಗೆ ಒಂದು ಸಾಲು ಹಾಕಿದರೆ ಸಾಕಿತ್ತು.

ಬ್ರಿಟನ್ನಿನವರು ಹಳೆಯದನ್ನು ಹೊರಗೆ ಹಾಕುವುದಿಲ್ಲ, ತೂಕ ಇಳಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ದುಡ್ಡು ಕೊಟ್ಟು ಕೇಳಿದ 100 ಸ್ಟ್ರೀಮ್ ಅಥವಾ ಪುಕ್ಕಟೆಯ 600 ಸ್ಟ್ರೀಮ್ ಸೇರಿ ಒಂದು ಮಾರಾಟ. ಹಳೆಯ ಹಾಡು ಸತತ ಮೂರು ವಾರ ಇಳಿದರೆ ಲೆಕ್ಕ 200 ಮತ್ತು 1,200 ಆಗುತ್ತದೆ. ಕೇಳುಗರು ಅಷ್ಟೇ ಇದ್ದರೂ ಸ್ಟ್ರೀಮಿನ ಅಂಕ ಅರ್ಧ. ಚೆನ್ನಾಗಿ ಓಡುತ್ತಿದ್ದ ಹಾಡು ಒಮ್ಮೆಲೇ ಹತ್ತಿಪ್ಪತ್ತು ಸ್ಥಾನ ಜಾರಿದರೆ ಮೊದಲು ಇದನ್ನೇ ಅನುಮಾನಿಸಿ. ಫಲಿತಾಂಶ ಶುಕ್ರವಾರ ಸಂಜೆ ಅಲ್ಲಿನ 5.45ಕ್ಕೆ; ಇಲ್ಲಿಯ ಲೆಕ್ಕದಲ್ಲಿ ಅವರ ಬೇಸಿಗೆಯಲ್ಲಿ ರಾತ್ರಿ 10.15, ಅವರ ಚಳಿಗಾಲದಲ್ಲಿ 11.15. ಗುರುವಾರ ಮುಗಿದ ಎಣಿಕೆ ಮರುದಿನವೇ ಕೈಗೆ ಸಿಗುವುದರಿಂದ ತಾಜಾತನದಲ್ಲಿ ಬ್ರಿಟನ್ನೇ ಮುಂದೆ.

ಇನ್ನು, ಅಂಕೋಲಾದಲ್ಲಿ ಕೂತು ಒಂದು ಹಾಡನ್ನು ರಾತ್ರಿಯಿಡೀ ತಿರುಗಿಸಿದರೂ ಹಾಟ್ 100ಕ್ಕೆ ಒಂದು ಕಾಳೂ ಸೇರುವುದಿಲ್ಲ. ಅದು ಅಮೆರಿಕದೊಳಗಿನ ಸ್ಟ್ರೀಮ್, ರೇಡಿಯೊ, ಮಾರಾಟದ ಲೆಕ್ಕ. ನಮ್ಮ ಕಡೆಯ ಕೇಳಿಕೆ ಸೇರುವುದು 2020ರ ಸೆಪ್ಟೆಂಬರಿನಲ್ಲಿ ಶುರುವಾದ ಬಿಲ್‌ಬೋರ್ಡ್ ಗ್ಲೋಬಲ್ 200ಕ್ಕೆ. ಭಾರತದಲ್ಲಿ ಯಾವ ಇಂಗ್ಲಿಷ್ ಹಾಡು ಓಡುತ್ತಿದೆ ಎಂದು ತಿಳಿಯಲು ಇಲ್ಲಿನ ಧ್ವನಿಮುದ್ರಣ ಕಂಪನಿಗಳ ಸಂಘವಾದ ಐಎಮ್‌ಐ 2021ರ ಜೂನಿನಲ್ಲಿ ತಂದ ಇಂಟರ್‌ನ್ಯಾಷನಲ್ ಟಾಪ್ 20 ಸಾಕು. ಹೆಸರೇ ಹೇಳುವಂತೆ ಹೊರದೇಶದ ಹಾಡುಗಳಷ್ಟೇ ಅದರಲ್ಲಿ; ಕನ್ನಡಕ್ಕೆ ಜಾಗವಿಲ್ಲ.

ಈ ಪಟ್ಟಿಗಳನ್ನು ಕೆಲಸಕ್ಕೆಂದೇ ನೋಡಬೇಕಾದವರೆಂದರೆ ಕಾರವಾರದಲ್ಲಿ ಕ್ರೈಸ್ತ ಮದುವೆ, ರೋಸ್ (ಮದುವೆಗೆ ಮುಂಚೆ ವಧೂವರರಿಗೆ ತೆಂಗಿನ ಹಾಲು ಹಚ್ಚುವ) ಸಮಾರಂಭಗಳಿಗೆ ನುಡಿಸುವ ಬ್ಯಾಂಡಿನವರು. ಅವರು ಸ್ಥಾನದ ಕಾಲಂ ಬಿಟ್ಟು ವಾರಗಳ ಕಾಲಂ ನೋಡಲಿ. 3ನೇ ಸ್ಥಾನದಲ್ಲಿ ಮೊದಲ ವಾರ ಕಾಣಿಸಿಕೊಂಡದ್ದು ಆಲ್ಬಮ್ ಬಿಡುಗಡೆಯ ನೂಕುನುಗ್ಗಲಿನಲ್ಲಿ ಬಂದದ್ದಿರಬಹುದು, ಎರಡನೇ ವಾರಕ್ಕೆ 40ರ ಆಚೆ ಹೋಗಲೂಬಹುದು. 15 ವಾರ ಕಳೆದು ಇನ್ನೂ 30ರ ಒಳಗಿದ್ದರೆ ಅದನ್ನು ಅಭ್ಯಾಸ ಮಾಡಿಟ್ಟುಕೊಳ್ಳಿ, ಕುಣಿಯುವವರಿಗೆ ಪಲ್ಲವಿ ಬರುತ್ತದೆ. ಗ್ಲೋಬಲ್ 200ರಲ್ಲೂ ಅದು ಮೇಲಿದೆಯೇ ಎಂದು ತಾಳೆ ನೋಡಿ. ಅಮೆರಿಕದ ರೇಡಿಯೊ ಎತ್ತಿ ಹಿಡಿದ ಹಾಡಾದರೆ ಕಾರವಾರದಲ್ಲಿ ಯಾರಿಗೂ ಗೊತ್ತಿರದಿರಬಹುದು.

ತೊಂದರೆ ಏನೆಂದರೆ, ಮದುವೆಗಳು ಒತ್ತಾಗಿ ಬರುವುದು ಕ್ರಿಸ್‌ಮಸ್ ಕಳೆದು ಈಸ್ಟರಿಗೆ ಮುಂಚಿನ ಉಪವಾಸ ಕಾಲ ಹಿಡಿಯುವ ಮೊದಲು, ಪಟ್ಟಿ ಅತಿ ಹೆಚ್ಚು ದಾರಿ ತಪ್ಪಿಸುವುದೂ ಆಗಲೇ. ಡಿಸೆಂಬರಿನಲ್ಲಿ ಹಳೆಯ ಕ್ರಿಸ್‌ಮಸ್ ಹಾಡುಗಳು ಗುಂಪಾಗಿ ಮರಳಿ ಬಂದು ಉಳಿದವನ್ನು ಕೆಳಗೆ ತಳ್ಳುತ್ತವೆ. 2026ರ ಜನವರಿ 3ರ ತಾರೀಖಿನ ಪಟ್ಟಿ ಎಣಿಸಿದ್ದು ಡಿಸೆಂಬರ್ 19ರಿಂದ 25ರವರೆಗಿನದು, ಹಾಗಾಗಿ ಹೊಸ ವರ್ಷದ ಪಟ್ಟಿಯಲ್ಲೂ ಅವೇ. ಮುಂದಿನ ಒಂದೆರಡು ವಾರದಲ್ಲಿ ಅವೆಲ್ಲ ಒಟ್ಟಿಗೆ ಇಳಿದಾಗ ಉಳಿದ ಹಾಡುಗಳು ಹತ್ತಾರು ಸ್ಥಾನ ಜಿಗಿದಂತೆ ಕಾಣುತ್ತವೆ. ಜನವರಿಯ ಮದುವೆಗೆ ಹಾಡು ಆರಿಸುವವರು ನವೆಂಬರ್ ನಡುವಿನ ಪಟ್ಟಿಯನ್ನೇ ಇಳಿಸಿಟ್ಟುಕೊಳ್ಳಲಿ.