ಮಾಟಗಾತಿ ಅಜ್ಜಿಯ ಕಾದಂಬರಿ: ಕಾಗದವೋ, ಇ-ರೀಡರೋ, ಆಡಿಯೋವೋ?

ಇಂಗ್ಲಿಷ್ ಹಾಸ್ಯ ಲೇಖಕ ಟೆರಿ ಪ್ರ್ಯಾಚೆಟ್‌ನ ಕಾದಂಬರಿ 'ಈಕ್ವಲ್ ರೈಟ್ಸ್' ಓದಬೇಕು ಅಂತಿದ್ದರೆ ಕಾಗದದ ಪುಸ್ತಕವನ್ನೇ ತಗೊಳ್ಳಿ. ಇ-ರೀಡರ್‌ನಲ್ಲಿ ಓದಿ, ಆಡಿಯೋ ಕೇಳಿ, ಆಮೇಲೆ ಪೇಪರ್‌ಬ್ಯಾಕ್ ತರಿಸಿಕೊಂಡು ಹೇಳುತ್ತಿದ್ದೇನೆ. ನಮ್ಮ ಹೊಸನಗರದ ಕಡೆ ಮಳೆಗಾಲದಲ್ಲಿ ಕಾಗದ ಉಳಿಸಿಕೊಳ್ಳೋದು ಎಷ್ಟು ಕಷ್ಟ ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು 1987ರ ಕಾದಂಬರಿ, 41 ಪುಸ್ತಕಗಳ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ ಮೂರನೆಯದು. ಸಾವು ಹತ್ತಿರ ಬಂದ ಮಂತ್ರವಾದಿಯೊಬ್ಬ ಬೆಟ್ಟದ ಹಳ್ಳಿಯ ಕಮ್ಮಾರನ ಮನೆಗೆ ಬರುತ್ತಾನೆ. ಎಂಟನೇ ಮಗನಾದ ಆ ಕಮ್ಮಾರನಿಗೆ ಹುಟ್ಟುವ ಎಂಟನೇ ಮಗನಿಗೆ ತನ್ನ ಮಂತ್ರದಂಡ ಕೊಟ್ಟು ಹೋಗಬೇಕು ಅಂತ. ಅವಸರದಲ್ಲಿ ಕೊಟ್ಟೂ ಬಿಡುತ್ತಾನೆ. ಆದರೆ ಹುಟ್ಟಿದ್ದು ಹೆಣ್ಣು ಮಗು. ಮಂತ್ರವಾದಿಗಳ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿಲ್ಲ. ಆ ಹುಡುಗಿ ಎಸ್ಕ್‌ಳನ್ನು ಕರೆದುಕೊಂಡು ಹೊರಡುವವಳು ಗ್ರ್ಯಾನಿ ವೆದರ್‌ವ್ಯಾಕ್ಸ್. ಸೂಲಗಿತ್ತಿಯೂ ಹೌದು, ಮಾಟಗಾತಿಯೂ ಹೌದು. ಆಡು, ಜೇನು, ಗಿಡಮೂಲಿಕೆ, ಯಾರಿಗೂ ಸೋಲದ ಬಾಯಿ. ನಮ್ಮ ಕಡೆ ಕೇರಿಗೊಬ್ಬಳಾದರೂ ಇಂಥ ಅಜ್ಜಿ ಇರುತ್ತಾಳೆ, ಅಲ್ವಾ.

ಇ-ರೀಡರ್‌ನಲ್ಲಿ ನನಗೆ ತಲೆಕೆಟ್ಟಿದ್ದು ಅಡಿಟಿಪ್ಪಣಿ ವಿಷಯದಲ್ಲಿ. ಪ್ರ್ಯಾಚೆಟ್ ಅಡಿಟಿಪ್ಪಣಿಯಲ್ಲೂ ನಗಿಸುವ ಲೇಖಕ. ಈ ಪುಸ್ತಕದಲ್ಲಿ ಅವು ತೀರಾ ಜಾಸ್ತಿ ಇಲ್ಲ, ಆದರೆ ಇರುವುದನ್ನು ಬಿಟ್ಟು ಓದಿದರೆ ನಷ್ಟ ನಮಗೇ. ಕಾಗದದಲ್ಲಿ ಕಣ್ಣು ಕೆಳಗಿಳಿಸಿ, ನಕ್ಕು, ಮೇಲೆ ಬಂದರಾಯಿತು. ನಾನು ಕೊಂಡ ಇ-ಪುಸ್ತಕದಲ್ಲಿ ಟಿಪ್ಪಣಿಗಳನ್ನೆಲ್ಲ ಒಯ್ದು ಪುಸ್ತಕದ ಕೊನೆಯಲ್ಲಿ ಹಾಕಿದ್ದರು. ವಾಕ್ಯದ ಮಧ್ಯೆ ಸಾಸಿವೆ ಕಾಳಿನಷ್ಟು ನಕ್ಷತ್ರ. ಅದನ್ನು ಒತ್ತಲು ಹೋದರೆ ಪುಟ ಮಗುಚುತ್ತದೆ. ಹಿಂದೆ ಬಂದು ಮತ್ತೆ ಒತ್ತಬೇಕು. ಒತ್ತಿದ್ದು ಸರಿಯಾದರೆ ಸೀದಾ ಪುಸ್ತಕದ ಕೊನೆಗೆ ಹೋಗುತ್ತದೆ. ಅಲ್ಲಿಂದ ವಾಪಸ್ ಬರುವ ಬಾಣ ಹುಡುಕುವಷ್ಟರಲ್ಲಿ ಯಾವುದಕ್ಕೆ ನಗಬೇಕಿತ್ತು ಅನ್ನೋದೇ ಮರೆತು ಹೋಗಿರುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕೊನೆಯ ಪುಟಕ್ಕೆ ಹೋಗಿ ಬಂದದ್ದರಿಂದ ನಾನು ಪುಸ್ತಕ ಮುಗಿಸಿದ್ದೇನೆ ಅಂತ ಇ-ರೀಡರ್ ಲೆಕ್ಕ ಹಾಕಿಕೊಂಡಿತು. ಆಮೇಲೆ ಅದೇ ಪುಸ್ತಕವನ್ನು ಫೋನ್‌ನಲ್ಲಿ ತೆರೆದಾಗಲೆಲ್ಲ "ಕೊನೆಯಲ್ಲಿ ಓದಿದ ಜಾಗಕ್ಕೆ ಹೋಗಲೇ?" ಅಂತ ಕೇಳುತ್ತಿತ್ತು. ಒಮ್ಮೆ ನಿದ್ದೆಗಣ್ಣಲ್ಲಿ ಹೂಂ ಅಂದೆ, ಸೀದಾ ಕೊನೆಯ ಪುಟಕ್ಕೆ ಹೋಯಿತು. ಈ ಪುಸ್ತಕದಲ್ಲಿ ಅಧ್ಯಾಯಗಳೇ ಇಲ್ಲ. ಇಂಥ ಅಧ್ಯಾಯದಲ್ಲಿದ್ದೆ ಅಂತ ಹುಡುಕಿಕೊಂಡು ಹೋಗುವ ಹಾಗೂ ಇಲ್ಲ. ಎಸ್ಕ್ ಹದ್ದಿನ ಮೈಯೊಳಗೆ ಸೇರಿ ಹಾರುತ್ತಿದ್ದಳು, ಆ ಪುಟ ಸಿಗಲು ಸುಮ್ನೆ ಅರ್ಧ ಗಂಟೆ ಹೋಯಿತು. ನಗಿಸಲು ಬರೆದ ಪುಸ್ತಕಕ್ಕೆ ಓಟ ಮುಖ್ಯ. ಆ ಓಟವೇ ತಪ್ಪಿದರೆ ಏನು ಓದಿ ಏನು ಪ್ರಯೋಜನ?

ಕರೆಂಟು ಹೋದಾಗ ದೀಪ ಬೇಡ, ಪದ ಒತ್ತಿ ಹಿಡಿದರೆ ಇಂಗ್ಲಿಷ್ ಅರ್ಥ ಬರುತ್ತದೆ. ಇವೆರಡು ಇ-ರೀಡರ್‌ನಲ್ಲಿ ಚೆನ್ನಾಗಿವೆ.

ಆಡಿಯೋ ನನ್ನ ಎರಡನೇ ಆಯ್ಕೆ, ಅದೂ ಸಾಕಷ್ಟು ಹತ್ತಿರದ ಎರಡನೆಯದು. ಹೊಸ ಧ್ವನಿಮುದ್ರಣದಲ್ಲಿ ಕಥೆ ಓದುವವರು ಇಂದಿರಾ ವರ್ಮಾ. ಅಡಿಟಿಪ್ಪಣಿಗೆ ಬಿಲ್ ನೈ, ಸಾವಿನ ಪಾತ್ರಕ್ಕೆ ಪೀಟರ್ ಸೆರಾಫಿನೋವಿಚ್. ಟಿಪ್ಪಣಿ ಬಂದ ಕೂಡಲೇ ದನಿ ಬದಲಾಗುತ್ತದೆ, ನಾವೇನೂ ಒತ್ತಬೇಕಿಲ್ಲ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮೇಲೆ ಕೂತಾಗ ಇದಕ್ಕಿಂತ ಒಳ್ಳೆಯ ಜೊತೆ ಬೇಕಿಲ್ಲ. ಗ್ರ್ಯಾನಿಯ ಪೊರಕೆ ನಮ್ಮೂರ ಹಳೇ ಜೀಪಿನ ಹಾಗೆ, ಓಡಿಸಿ ಓಡಿಸಿಯೇ ಸ್ಟಾರ್ಟ್ ಮಾಡಬೇಕು. ಆ ಜಾಗ ಕೇಳಿ ನಾನು ನಕ್ಕಿದ್ದಕ್ಕೆ ಪಕ್ಕದಲ್ಲಿ ಸುಲಿಯುತ್ತಿದ್ದವರೆಲ್ಲ ಕತೆ ಹೇಳಿಸಿಕೊಂಡರು. ಆದರೆ ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಏನೂ ಕೇಳಿಸುವುದಿಲ್ಲ. ಶಿವಮೊಗ್ಗಕ್ಕೆ ಹೋದಾಗಲೇ ಡೌನ್‌ಲೋಡ್ ಮಾಡಿಕೊಂಡು ಬರಬೇಕು. ಒಂದು ವಾಕ್ಯ ಚೆನ್ನಾಗಿದೆ, ಮತ್ತೆ ನೋಡೋಣ ಅಂದರೆ ಕೈ ತುಂಬ ಅಡಿಕೆ ಚೊಗರು.

ಇನ್ನು ಕಾಗದ. ಆರಿದ್ರಾ ಮಳೆ ಹಿಡಿದರೆ ಪುಟ ಡೊಂಕಾಗುತ್ತದೆ, ಪುಷ್ಯದ ಹೊತ್ತಿಗೆ ರಟ್ಟಿನ ಮೇಲೆ ಬಿಳಿ ಬೂಷ್ಟು. ಅದಕ್ಕೆ ನಾನು ಮಾಡೋದು ಇಷ್ಟು: ಓದಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನೂ ಜೊತೆಗೆ ಹಾಕುತ್ತೇನೆ. ಬಚ್ಚಲೊಲೆ ಹತ್ತಿರ ಮಾತ್ರ ಇಡಬೇಡಿ, ಬೆನ್ನಿನ ಅಂಟು ಬಿಟ್ಟು ಪುಟಗಳು ಕಳಚುತ್ತವೆ.

ಬೆಲೆ ನನಗೆ 400 ರೂಪಾಯಿ ಆಸುಪಾಸು ಬಿತ್ತು. ಇ-ಪುಸ್ತಕಕ್ಕಿಂತ ಜಾಸ್ತಿಯೇ. ಆದರೆ ನಾನು ಓದಿದ ಮೇಲೆ ತಂಗಿ ಓದಿದಳು, ಈಗ ಅವಳ ಮಗಳ ಕೈಲಿದೆ. ನಾನು ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದುವವಳು, ಪೆನ್ಸಿಲ್‌ನಲ್ಲಿ ಗೆರೆ ಎಳೆಯುವವಳು. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಆಡಿಯೋ ಸಾಕು. ಗ್ರ್ಯಾನಿ ಮತ್ತೆ ಬರುವ 'ವಿಯರ್ಡ್ ಸಿಸ್ಟರ್ಸ್' ಮುಂದಿನದು, 1988ರದ್ದು. ಅದನ್ನೂ ಕಾಗದದಲ್ಲೇ ತರಿಸುತ್ತೇನೆ, ಪಾರ್ಸೆಲ್ ನೆನೆಯದ ಹಾಗೆ ದೀಪಾವಳಿ ಕಳೆದ ಮೇಲೆ.